ಎರಡು ದಿನ ಅಂದ ಕೆಲಸ ಒಂದೂವರೆ ದಿನಕ್ಕೆ ಮುಗಿದರೆ ಬಿಲ್ ಎಷ್ಟು?

ಬಚ್ಚಲುಮನೆಯ ಗೋಡೆಯೊಳಗೆ ಪೈಪ್ ಸೋರುತ್ತಿತ್ತು. ಪ್ಲಂಬರ್ ಬಂದು ನೋಡಿದರು, ಗೋಡೆಯನ್ನು ಅಲ್ಲಲ್ಲಿ ತಟ್ಟಿದರು. "ಇಬ್ಬರು ಬೇಕು ಸಾರ್, ಎರಡು ದಿನ ಹಿಡಿಯತ್ತೆ" ಎಂದರು. ಎರಡನೇ ದಿನ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಕೈ ತೊಳೆದುಕೊಂಡು ಬಿಲ್ ಕೊಟ್ಟರು. ಅದರಲ್ಲಿ ಇದ್ದದ್ದು ಇಬ್ಬರಿಗೂ ಪೂರ್ತಿ ಎರಡು ದಿನದ ಕೂಲಿ. ಮೊದಲು ಹೇಳಿದ ಮೊತ್ತಕ್ಕಿಂತ ಚೂರೂ ಕಡಿಮೆಯಿಲ್ಲ.

"ಅರ್ಧ ದಿನ ಕೆಲಸಾನೇ ಮಾಡಿಲ್ಲವಲ್ಲ!" ಎಂದು ನಾನು ಬಾಗಿಲಲ್ಲೇ ಶುರು ಮಾಡಿದೆ.

"ಬೇಗ ಮುಗಿಸಿಕೊಟ್ಟಿದ್ದು ತಪ್ಪಾ ಸಾರ್?" ಎಂದರು ಅವರು. ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೇ ಇದ್ದದ್ದಕ್ಕೆ ಕಾರಣವಿತ್ತು. ಕೆಲಸ ಒಪ್ಪಿಸುವಾಗ ಏನು ಮಾತಾಗಿತ್ತು ಎಂದು ನಾನು ಯೋಚಿಸಿರಲೇ ಇಲ್ಲ. ಬಿಲ್ ಬಗ್ಗೆ ತಕರಾರು ತೆಗೆಯುವವರು ಶುರು ಮಾಡಬೇಕಾದದ್ದು ಅಲ್ಲಿಂದ.

ಮಾತು ಏನಾಗಿತ್ತು?

"ಈ ಕೆಲಸಕ್ಕೆ ಒಟ್ಟು ಇಷ್ಟು" ಎಂದು ಒಪ್ಪಿಕೊಂಡಿದ್ದರೆ ಅದು ಗುತ್ತಿಗೆ. ಎರಡು ಗಂಟೆಯಲ್ಲಿ ಮುಗಿದರೂ ಅಷ್ಟೇ, ಎರಡು ದಿನ ಎಳೆದರೂ ಅಷ್ಟೇ. ಹೇಳಿದ ಕೆಲಸ ಪೂರ್ತಿ ಆಗಿದ್ದರೆ ಸುಮ್ನೆ ದುಡ್ಡು ಕೊಡಿ. ಕೈಚಳಕ ಇರುವವರು ಬೇಗ ಮುಗಿಸುತ್ತಾರೆ, ಅದರ ಲಾಭ ಅವರದ್ದೇ. ಆದರೆ ಗುತ್ತಿಗೆಯಲ್ಲಿ ಸೇರಿದ್ದ ಕೆಲಸವನ್ನೇ ಬಿಟ್ಟಿದ್ದರೆ ಮಾತು ಬೇರೆ. ಮೂರು ನಲ್ಲಿ ಬದಲಾಯಿಸುತ್ತೇನೆ ಎಂದವರು ಎರಡನ್ನೇ ಬದಲಾಯಿಸಿದ್ದರೆ ಆ ಮೂರನೆಯದನ್ನು ಕಳೆಯಿರಿ ಎಂದು ಧಾರಾಳವಾಗಿ ಕೇಳಬಹುದು.

ದಿನಗೂಲಿಗೋ ಗಂಟೆ ಲೆಕ್ಕಕ್ಕೋ ಮಾತಾಗಿದ್ದರೆ ಕೆಲಸ ನಡೆದಷ್ಟಕ್ಕೇ ಬಿಲ್. ಚದರಡಿ ಲೆಕ್ಕವಾದರೆ ಟೇಪ್ ಹಿಡಿದು ಅಳೆದರೆ ಮುಗಿಯಿತು, ದಿನಗಳನ್ನು ಎಣಿಸುವ ಗೋಜೇ ಇಲ್ಲ.

ತಲೆನೋವು ಬರುವುದು "ಸುಮಾರು ಇಷ್ಟಾಗಬಹುದು" ಎಂಬ ಅಂದಾಜಿನಲ್ಲಿ. ಬಹಳಷ್ಟು ಜಗಳ ಹುಟ್ಟುವುದೂ ಇಲ್ಲೇ. ಅವರು ಅದನ್ನು ಗುತ್ತಿಗೆ ಅಂದುಕೊಂಡಿರುತ್ತಾರೆ, ನಾವು ಕೂಲಿ ಲೆಕ್ಕ ಅಂದುಕೊಂಡಿರುತ್ತೇವೆ. ಇದಕ್ಕೆ ನಾನು ಕಂಡುಕೊಂಡ ಪರೀಕ್ಷೆ ಒಂದೇ. ಕೆಲಸ ಮೂರನೇ ದಿನಕ್ಕೆ ಎಳೆದಿದ್ದರೆ ಅವರು ಜಾಸ್ತಿ ಕೇಳುತ್ತಿದ್ದರಾ? "ಹೌದು, ಅಂದಾಜು ಅಲ್ವಾ, ಹೆಚ್ಚುಕಮ್ಮಿ ಆಗತ್ತೆ" ಎನ್ನುವುದಾದರೆ ಹೆಚ್ಚಿನ ಜೊತೆ ಕಮ್ಮಿಯೂ ಇರಬೇಕು. ಇಲ್ಲ, ಎಷ್ಟೇ ದಿನ ಹಿಡಿದರೂ ಅಷ್ಟೇ ತೆಗೆದುಕೊಳ್ಳುತ್ತಿದ್ದರು ಅನ್ನುವುದಾದರೆ ಅದು ಗುತ್ತಿಗೆಯೇ. ನಮ್ಮ ಮನಸ್ಸಿಗೂ ಇದೇ ಪರೀಕ್ಷೆ. ಜಾಸ್ತಿ ಹಿಡಿದಿದ್ದರೆ ನಾವು ಕೊಡುತ್ತಿದ್ದೆವಾ? ಇಲ್ಲ ಎಂದಾದರೆ ಈಗ ಕಡಿಮೆ ಮಾಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಬಿಲ್ ಬಿಡಿಸಿ ಕೇಳಿ

ಒಂದೇ ಮೊತ್ತ ಬರೆದ ಚೀಟಿ ಹಿಡಿದು ಚೌಕಾಸಿ ಮಾಡಿ ಪ್ರಯೋಜನವಿಲ್ಲ. "ಕೂಲಿ ಎಷ್ಟು, ಸಾಮಾನು ಎಷ್ಟು, ಬೇರೆ ಬರೆದುಕೊಡ್ತೀರಾ?" ಎಂದು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ. ಬರೆಯಲು ಕೂತಾಗ ಎಷ್ಟೋ ಸಲ ಅವರೇ "ಇದೊಂದು ಜಾಸ್ತಿ ಹಾಕಿಬಿಟ್ಟೆ" ಎಂದು ತಿದ್ದುತ್ತಾರೆ.

ಕೂಲಿಯನ್ನು ಆಳಿನ ಲೆಕ್ಕದಲ್ಲಿ ನೋಡಿ. ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದು ಆಳು. ಇಬ್ಬರು ಎರಡು ದಿನ ಅಂದರೆ 4 ಆಳು. ಒಂದೂವರೆ ದಿನ ಅಂದರೆ 3 ಆಳು. ಆದರೆ ನಿಮ್ಮ ಕಣ್ಣಿಗೆ ಬಿದ್ದದ್ದಷ್ಟೇ ಕೆಲಸ ಅಂದುಕೊಳ್ಳಬೇಡಿ. ಸಾಮಾನು ತರಲು ಅಂಗಡಿಗೆ ಹೋದದ್ದು, ಮೊದಲೇ ಬಂದು ಜಾಗ ನೋಡಿಹೋದದ್ದು, ಒಡೆದ ಗಾರೆಯನ್ನು ಮೂಟೆ ಕಟ್ಟಿ ಹೊರಗೆ ಹಾಕಿದ್ದು, ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ಮನೆಗೆ ಬಂದದ್ದಕ್ಕೇ ಇಷ್ಟು ಎಂದು ಕೆಲವರು ಮೊದಲೇ ಹೇಳಿರುತ್ತಾರೆ. ಹಾಗೆ ಹೇಳಿದ್ದರೆ ಹತ್ತು ನಿಮಿಷದ ಕೆಲಸಕ್ಕೂ ಅದನ್ನು ಕೊಡಲೇಬೇಕು. ಹೇಳದೆ ಬಿಲ್‌ನಲ್ಲಿ ಸೇರಿಸಿದ್ದರೆ ಅದನ್ನು ಪ್ರಶ್ನಿಸಬಹುದು.

ಸಾಮಾನಿನ ಲೆಕ್ಕ ಇನ್ನೂ ಸುಲಭ. ಅದನ್ನು ಎಣಿಸಬಹುದು, ಅಳೆಯಬಹುದು. ಬಣ್ಣವನ್ನೇ ತೆಗೆದುಕೊಳ್ಳಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಹತ್ತಿರ ಹತ್ತಿರ 400. ಎರಡು ಕೋಟ್‌ಗೆ 800. ಒಂದು ಲೀಟರ್ ಎಷ್ಟು ಜಾಗಕ್ಕೆ ಬರುತ್ತದೆ ಎಂದು ಡಬ್ಬದ ಮೇಲೇ ಇರುತ್ತದೆ. ಲೀಟರಿಗೆ 100 ಚದರಡಿ ಎಂದು ಹಿಡಿದರೂ 8 ಲೀಟರ್ ಸಾಕು. ಬಿಲ್‌ನಲ್ಲಿ 12 ಲೀಟರ್ ಇದ್ದರೆ ಉಳಿದ ಡಬ್ಬ ಎಲ್ಲಿ ಎಂದು ಕೇಳಿ. ಗೋಡೆ ಒರಟಾಗಿದ್ದರೆ ಬಣ್ಣ ಜಾಸ್ತಿ ಕುಡಿಯುತ್ತದೆ, ಅದನ್ನೂ ನೆನಪಿಡಿ. ಟೈಲ್ಸ್‌ನಲ್ಲಿ ಕತ್ತರಿಸುವಾಗ ಒಡೆಯುವುದಕ್ಕೆಂದು 10% ಜಾಸ್ತಿ ತರಿಸುವುದು ಮಾಮೂಲು, ಅದಕ್ಕೆ ಹುಬ್ಬೇರಿಸಬೇಡಿ. ಆದರೆ ದುಡ್ಡು ನಿಮ್ಮದಾದರೆ ಉಳಿದ ಟೈಲ್ಸ್ ಕೂಡ ನಿಮ್ಮದೇ.

ಬಾಯಿ ತೆರೆಯುವ ಮುಂಚೆ

ಕೆಲಸ ನಡೆಯುವಾಗಲೇ ಬಂದ ಹೊತ್ತು, ಹೋದ ಹೊತ್ತು ಬರೆದಿಡಿ. ಫೋನಿನಲ್ಲಿ ಒಂದು ಸಾಲು ಸಾಕು. ಬಳಸಿದ ಸಾಮಾನಿನ ಫೋಟೋ, ಅಂದಾಜು ಹೇಳಿದ ಮೆಸೇಜು, ಅಡ್ವಾನ್ಸ್ ಕೊಟ್ಟ ರಸೀದಿ, ಎಲ್ಲ ಒಂದು ಕಡೆ ಇರಲಿ. ಎಷ್ಟು ಕೊಡುವುದು ಸರಿ ಎಂದು ನೀವೇ ಒಂದು ಅಂಕಿಗೆ ಬನ್ನಿ. "ಸ್ವಲ್ಪ ಕಡಿಮೆ ಮಾಡಿ" ಅಂದರೆ ಅದು ಚೌಕಾಸಿ. "3 ಆಳಿಗೆ ಇಷ್ಟಾಗತ್ತೆ, ಬಿಲ್‌ನಲ್ಲಿ 4 ಇದೆ" ಅಂದರೆ ಅದು ಲೆಕ್ಕ. ಚೌಕಾಸಿಗೆ ಆಗಲ್ಲ ಎಂದುಬಿಡಬಹುದು, ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಅವರ ಕೆಲಸದವರ ಎದುರಿಗೆ, ಪಕ್ಕದ ಮನೆಯವರಿಗೆ ಕೇಳುವ ಹಾಗೆ ಮಾತು ತೆಗೆಯಬೇಡಿ. ಮೋಸ ಎನ್ನುವ ಪದವಂತೂ ಬೇಡವೇ ಬೇಡ. ಅದು ಬಾಯಿಂದ ಬಿದ್ದ ಮೇಲೆ ಲೆಕ್ಕ ಯಾರಿಗೂ ಬೇಕಾಗಿಲ್ಲ, ಮರ್ಯಾದೆ ಪ್ರಶ್ನೆ ಆಗಿಬಿಡುತ್ತದೆ. ಒಳಗೆ ಕೂರಿಸಿ. ಕೆಲಸ ಚೆನ್ನಾಗಿದ್ದರೆ ಮೊದಲು ಅದನ್ನು ಹೇಳಿ. ಆಮೇಲೆ ಕೇಳಿ: "ಎರಡು ದಿನದ ಅಂದಾಜು ಹೇಳಿದ್ರಿ, ಒಂದೂವರೆಗೆ ಮುಗೀತು. ಕೂಲಿ ಮಾತ್ರ ಎರಡು ದಿನದ್ದೇ ಇದೆ. ಇದು ಹೇಗೆ ಅಂತ ಹೇಳ್ತೀರಾ?" ಕೇಳಿದ ಮೇಲೆ ಸುಮ್ಮನಿರಿ. ಅವರು ಹೇಳಲಿ.

ಅಲ್ಲಿಗೆ ಬಗೆಹರಿಯದಿದ್ದರೆ

ನಿಮ್ಮ ಲೆಕ್ಕದಲ್ಲಿ ಸರಿಯಾದ ಮೊತ್ತವನ್ನು ಅವತ್ತೇ ಕೊಟ್ಟುಬಿಡಿ. ತಕರಾರು ಒಂದು ಭಾಗದ ಬಗ್ಗೆ ಇರುವಾಗ ಪೂರ್ತಿ ದುಡ್ಡು ತಡೆಹಿಡಿದರೆ ತಪ್ಪು ನಮ್ಮ ಕಡೆ ಬರುತ್ತದೆ. ಜೊತೆಗೆ ಒಂದು ಮೆಸೇಜ್ ಕಳಿಸಿ: "ಕೂಲಿ 3 ಆಳಿಗೆ, ಸಾಮಾನಿಗೆ ಪೂರ್ತಿ ಕೊಟ್ಟಿದ್ದೇನೆ. ಇನ್ನೊಂದು ಆಳಿನ ಕೂಲಿ ಯಾಕೆ ಎಂದು ತಿಳಿಸಿದರೆ ಅದನ್ನೂ ನೋಡೋಣ." ಇಷ್ಟೇ ಸಾಕು, ಉಪದೇಶ ಬೇಡ. ಅವರನ್ನು ಕಂಪನಿಯೋ ಮೇಸ್ತ್ರಿಯೋ ಕಳಿಸಿದ್ದರೆ, ಕಳಿಸಿದವರ ಹತ್ತಿರವೇ ಮಾತಾಡಿ. ಕೆಲಸಕ್ಕೆ ಬಂದ ಹುಡುಗನಿಗೆ ಬಿಲ್ ಕಡಿಮೆ ಮಾಡುವ ಅಧಿಕಾರ ಇರುವುದಿಲ್ಲ. ಗ್ರಾಹಕರ ದೂರು ಕೇಳುವ ಕಡೆಗೂ ಹೋಗಬಹುದು. ಆದರೆ ಅರ್ಧ ದಿನದ ಕೂಲಿಗಾಗಿ ಎಷ್ಟು ದಿನ ಓಡಾಡಬೇಕು ಎನ್ನುವುದನ್ನು ಮೊದಲು ಲೆಕ್ಕ ಹಾಕಿ. ಮೊತ್ತ ದೊಡ್ಡದಿದ್ದರೆ ಮಾತ್ರ ಆ ದಾರಿ.

ಮುಂದಿನ ಸಲ ಯಾರನ್ನಾದರೂ ಕರೆಸಿದಾಗ ಸುತ್ತಿಗೆ ಏಟು ಬೀಳುವ ಮುಂಚೆ ಒಂದು ಮಾತು ಕೇಳಿಬಿಡಿ. "ಇದು ಗುತ್ತಿಗೆನಾ, ಕೂಲಿ ಲೆಕ್ಕನಾ?" ಉತ್ತರವನ್ನು ಅವರಿಗೇ ಮೆಸೇಜ್ ಮಾಡಿ, ಸರಿ ಅನ್ನಿಸಿಕೊಳ್ಳಿ.

ನಮ್ಮ ಪ್ಲಂಬರ್ ವಿಷಯಕ್ಕೆ ಬರುತ್ತೇನೆ. ಬಾಗಿಲಲ್ಲಿ ಕೂಗಾಡಿದ ಮೇಲೆ ಇಬ್ಬರೂ ಕೂತೆವು. ಅವರು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ಮೊದಲ ದಿನ ಸಂಜೆ ಆರಕ್ಕೆ ಬಿಡಬೇಕಾದವರು ರಾತ್ರಿ ಎಂಟರವರೆಗೆ ಇದ್ದರು. ಮನೆಗೆ ನೀರು ಬಿಟ್ಟೇ ಹೋಗಬೇಕೆಂದು ನಿಂತಿದ್ದರಂತೆ. ಇಬ್ಬರದು ಸೇರಿ ನಾಲ್ಕು ಗಂಟೆ, ಅಂದರೆ ಅರ್ಧ ಆಳು. ನಾನು ಅದನ್ನು ಎಣಿಸಿರಲೇ ಇಲ್ಲ. ಮೂರೂವರೆ ಆಳಿಗೆ ಇಬ್ಬರೂ ಒಪ್ಪಿದೆವು. ಸಾಮಾನಿನ ಪಟ್ಟಿಯಲ್ಲಿ 6 ಎಲ್ಬೋ (ಪೈಪ್ ತಿರುಗುವ ಕಡೆ ಜೋಡಿಸುವ ತುಂಡು) ಇತ್ತು, ಗೋಡೆಯೊಳಗೆ ಹೋಗಿದ್ದು 4. ಉಳಿದ ಎರಡು ಎಲ್ಲಿ ಎಂದೆ. ಅವರು ಚೀಲಕ್ಕೆ ಕೈ ಹಾಕಿ, ತೆಗೆದು, ನಗುತ್ತಾ ಟೇಬಲ್ ಮೇಲಿಟ್ಟರು.