ಬಾಗಿಲ ಮೇಲಿನ ಲಿಂಟೆಲ್ ಬದಲಾಯಿಸಿದ್ದು: ನನ್ನ ಅನುಭವ

ಬದಿಯಡ್ಕದ ಹತ್ತಿರ ನಮ್ಮ ಹಳೆಯ ಮನೆ. ಗೋಡೆ ಪೂರ್ತಿ ಕೆಂಪುಕಲ್ಲು, ಮಣ್ಣಿನ ಗಾರೆ. ಅಡುಗೆಮನೆ ಬಾಗಿಲ ಮೇಲಿನ ಮರದ ತೊಲೆ ಬಾಗಿ, ಬಾಗಿಲು ದಾರಂದಕ್ಕೆ ಉಜ್ಜುತ್ತಿತ್ತು. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿವರೆಗೂ ಒಳಗೆ ಹೋಯಿತು. ಒರಲೆ ತಿಂದು ಮಣ್ಣು ತುಂಬಿತ್ತು.

ಆ ತೊಲೆಯ ಬದಲಿಗೆ ಹೊಸ ಲಿಂಟೆಲನ್ನು (ಬಾಗಿಲ ಮೇಲಿನ ಗೋಡೆಯ ಭಾರ ಹೊರುವ ಅಡ್ಡ ತೊಲೆ) ಮೊದಲೇ ಅಂಗಳದಲ್ಲಿ ಕಾಂಕ್ರೀಟ್ ಹಾಕಿ ಮಾಡಿಕೊಂಡೆವು. ಬಾಗಿಲು 3 ಅಡಿ, ಲಿಂಟೆಲ್ 4 ಅಡಿ. ಎರಡೂ ಕಡೆ ಗೋಡೆ ಮೇಲೆ 6 ಇಂಚು ಕೂರಲೇಬೇಕು. ದಪ್ಪ ಕಂಬಿ ಕೆಳಗಡೆ ಬರಬೇಕು, ಭಾರ ಬಿದ್ದಾಗ ಎಳೆತ ಬರುವುದು ಅಲ್ಲೇ ಅಲ್ವಾ? ತಲೆಕೆಳಗಾಗದಂತೆ ಮೇಲ್ಭಾಗಕ್ಕೆ ಬಣ್ಣದ ಗುರುತು ಹಾಕಿ, ಒದ್ದೆ ಗೋಣಿ ಹೊದೆಸಿ ಕ್ಯೂರಿಂಗ್ ಮಾಡಿದೆವು.

ಮುಖ್ಯ ಕೆಲಸ ಆಧಾರ ಕೊಡುವುದು. ತೊಲೆಗಿಂತ ಮೇಲಿನ ಸಾಲಿನಲ್ಲಿ ತೂತು ತೆಗೆದು, ಗಟ್ಟಿ ಮರದ ದಿಮ್ಮಿಗಳನ್ನು ಗೋಡೆಯ ಆಚೆಯಿಂದ ಈಚೆಗೆ ತೂರಿಸಿ, ಒಳಗೂ ಹೊರಗೂ ಕಬ್ಬಿಣದ ಜಾಕಿ (ತಿರುಗಿಸಿ ಎತ್ತರ ಹೊಂದಿಸುವ ಆಧಾರ) ಕೊಟ್ಟೆವು. ಅಡಿಕೆ ಮರದ ಕಂಬ ಸಾಕು ಅಂದವರಿದ್ದರು. ನಾನು ಒಪ್ಪಲಿಲ್ಲ. ಕಂಬಕ್ಕೆ ಬೆಣೆ ಹೊಡೆಯುತ್ತಾ ಹೋದರೆ ಮಣ್ಣಿನ ಗಾರೆ ಅಲುಗುತ್ತದೆ; ಜಾಕಿಯನ್ನು ಸುಮ್ನೆ ತಿರುಗಿಸಿ ಮೆಲ್ಲಗೆ ಬಿಗಿ ಮಾಡಬಹುದು.

ಆಮೇಲೆ ತೊಲೆಯನ್ನು ತುಂಡು ತುಂಡಾಗಿ ಕೊಯ್ದು ತೆಗೆದರು. ತೊಲೆ ಕೂತಿದ್ದ ಕಡೆ ಕಲ್ಲು ಪುಡಿಯಾಗಿತ್ತು. ಅದನ್ನು ಕೆರೆದು ಕಾಂಕ್ರೀಟ್ ಹಾಸು ಹಾಕಿ, ಗಟ್ಟಿಯಾದ ಮೇಲೆ ಲಿಂಟೆಲ್ ಏರಿಸಿದೆವು. ಮೇಲಿನ ಸಂದಿಗೆ ನೀರು ಕಡಿಮೆ ಇರುವ ಸಿಮೆಂಟ್ ಗಾರೆಯನ್ನೇ ಕುಟ್ಟಿ ತುಂಬಬೇಕು. ನೀರು ಜಾಸ್ತಿಯಾದರೆ ಒಣಗುವಾಗ ಕುಗ್ಗಿ ಮತ್ತೆ ಸಂದಿ ಬೀಳುತ್ತದೆ.

ಗಾರೆ ಚೆನ್ನಾಗಿ ಬಿಗಿದ ಮೇಲಷ್ಟೇ ಜಾಕಿ ಸಡಿಲಿಸಿದ್ದು. ಈ ಕೆಲಸಕ್ಕೆ ಬೇಸಿಗೆಯೇ ಸರಿ. ಮಳೆಗಾಲದಲ್ಲಿ ನೆನೆದ ಗೋಡೆಯನ್ನು ಮುಟ್ಟಬೇಡಿ.