ಗುರಿ ತಪ್ಪಿದ 8 ಮಿಲಿಮೀಟರ್: ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ನನ್ನ ಅನುಭವ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು. ವಯಸ್ಸು 64. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ ಪಿಎಸ್‌ಎ 9.2, ಇರಬೇಕಾದ್ದಕ್ಕಿಂತ ಹೆಚ್ಚು. ಎಂಆರ್‌ಐಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಎಡಕ್ಕೆ, ಹಿಂಬದಿಯ ಹೊರ ವಲಯದಲ್ಲಿ 11 ಮಿ.ಮೀ. ಅಗಲದ ಮಚ್ಚೆ. ಗ್ರಂಥಿಯ ರಚನೆ ತೋರಿಸುವ ಟಿ2 ಚಿತ್ರದಲ್ಲಿ ಕಪ್ಪು, ನೀರಿನ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ಹೊಳಪು, ಆ ಓಡಾಟವನ್ನೇ ಅಳೆದು ತೋರಿಸುವ ಎಡಿಸಿ ನಕ್ಷೆಯಲ್ಲಿ ಮತ್ತೆ ಕಪ್ಪು. ಜೀವಕೋಶಗಳು ಒತ್ತೊತ್ತಾಗಿ ತುಂಬಿಕೊಂಡ ಕಡೆ ನೀರಿನ ಕಣಗಳಿಗೆ ಓಡಾಡಲು ಜಾಗ ಇರುವುದಿಲ್ಲ. ಆ ಇಕ್ಕಟ್ಟೇ ಹೀಗೆ ಕಾಣುತ್ತದೆ. ರೇಡಿಯಾಲಜಿಸ್ಟ್ ಪೈ-ರ್ಯಾಡ್ಸ್ 4 ಎಂದು ಬರೆದಿದ್ದರು. ಐದರವರೆಗಿನ ಅಳತೆಯಲ್ಲಿ ನಾಲ್ಕು ಎಂದರೆ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇರುವ ಸಂಭವ ಹೆಚ್ಚು.

ಬಯಾಪ್ಸಿಯ ದಿನ, ಅಂದರೆ ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷೆಗೆ ಕಳಿಸುವ ದಿನ, ನಾನು ಮಚ್ಚೆಗೆ ಗುರಿಯಿಟ್ಟು ಮೂರು ತುಣುಕು ತೆಗೆದೆ, ಆಮೇಲೆ ರೂಢಿಯಂತೆ ಗ್ರಂಥಿಯ ಎಲ್ಲ ಭಾಗಗಳಿಂದ ಹನ್ನೆರಡು. ರಿಪೋರ್ಟ್ ಬಂದಾಗ ಗುರಿಯ ಮೂರರಲ್ಲೂ ಕ್ಯಾನ್ಸರ್ ಇರಲಿಲ್ಲ. ಹನ್ನೆರಡರಲ್ಲಿ ಒಂದರಲ್ಲಿ, ಗ್ರಂಥಿಯ ಎಡ ಕೆಳತುದಿಯ ತುಣುಕಿನಲ್ಲಿ, ಗ್ಲೀಸನ್ 3+4, ಅಂದರೆ ಮಧ್ಯಮ ದರ್ಜೆಯ ಕ್ಯಾನ್ಸರ್, ಇತ್ತು. ರೂಢಿಯ ಹನ್ನೆರಡನ್ನು ಬಿಟ್ಟಿದ್ದರೆ ಅವರಿಗೆ ‘ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಹೇಳಿ ಕಳಿಸುತ್ತಿದ್ದೆ.

ಹಾಗೆ ಹೇಳಿ ಕಳಿಸಿದವರು ಹಿಂದೆ ಎಷ್ಟು ಜನವೋ ಎಂಬ ಯೋಚನೆ ನನ್ನನ್ನು 2017ರಿಂದಲೇ ಕಾಡುತ್ತಿತ್ತು. ಆ ವರ್ಷ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ಹೊರಬಂತು. 576 ಗಂಡಸರಿಗೆ ಎಂಆರ್‌ಐ, ಗುದದ್ವಾರದ ಮೂಲಕ ಮಾಡುವ ಹಳೆಯ ಬಯಾಪ್ಸಿ, ಇಡೀ ಗ್ರಂಥಿಯನ್ನು 5 ಮಿ.ಮೀ.ಗೊಂದರಂತೆ ಸೂಜಿಯಿಂದ ಶೋಧಿಸುವ ಬಯಾಪ್ಸಿ, ಮೂರನ್ನೂ ಮಾಡಿ ಹೋಲಿಸಿದ್ದರು. ಅಪಾಯಕಾರಿ ಕ್ಯಾನ್ಸರ್ ಇದ್ದವರಲ್ಲಿ ಎಂಆರ್‌ಐ ಶೇ 93ರಷ್ಟು ಜನರನ್ನು ಗುರುತಿಸಿತ್ತು. ನಾನು ದಿನವೂ ಮಾಡುತ್ತಿದ್ದ ಬಯಾಪ್ಸಿ ಶೇ 48. ಮರುವರ್ಷ ಬಂದ ಪ್ರಿಸಿಷನ್ ಅಧ್ಯಯನ ಇನ್ನೊಂದು ಮುಖ ತೋರಿಸಿತು. 500 ಜನರಲ್ಲಿ, ಮೊದಲು ಎಂಆರ್‌ಐ ಮಾಡಿ ಮಚ್ಚೆಗೆ ಮಾತ್ರ ಗುರಿಯಿಟ್ಟ ಗುಂಪಿನಲ್ಲಿ ಅಪಾಯಕಾರಿ ಕ್ಯಾನ್ಸರ್ ಸಿಕ್ಕಿದ್ದು ಶೇ 38, ಹಳೆಯ ಪದ್ಧತಿಯಲ್ಲಿ ಶೇ 26. ಚಿಕಿತ್ಸೆಯೇ ಬೇಡವಾದ ಸಣ್ಣಪುಟ್ಟ ಕ್ಯಾನ್ಸರ್ ಸಿಕ್ಕಿದ್ದು ಶೇ 9, ಹಳೆಯದರಲ್ಲಿ ಶೇ 22. ಅಂದರೆ ಬೇಕಾದ್ದು ಹೆಚ್ಚು ಸಿಗುತ್ತದೆ, ಸುಮ್ಮನೆ ಹೆದರಿಸುವಂಥದ್ದು ಕಡಿಮೆ ಸಿಗುತ್ತದೆ.

ನಮ್ಮಲ್ಲಿ ಫ್ಯೂಷನ್ ಯಂತ್ರ ಇಲ್ಲ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಪರದೆಯ ಮೇಲೆ ಕೂರಿಸಿ ತೋರಿಸುವ ಆ ಯಂತ್ರದ ಬೆಲೆ ದಾವಣಗೆರೆಯಲ್ಲಿರುವ ನಮ್ಮಂಥ ಆಸ್ಪತ್ರೆಗೆ ಎಟುಕುವಂಥದ್ದಲ್ಲ. ಹಾಗಾಗಿ ಎಂಆರ್‌ಐ ನೋಡಿ, ಮನಸ್ಸಿನಲ್ಲೇ ಜಾಗ ಗುರುತಿಟ್ಟುಕೊಂಡು, ಅಲ್ಟ್ರಾಸೌಂಡ್‌ನಲ್ಲಿ ಅದೇ ಜಾಗ ಹುಡುಕಿ ಚುಚ್ಚುವುದು ನನ್ನ ದಾರಿ. ಇದು ಕಡಿಮೆ ದರ್ಜೆಯ ಕೆಲಸವಲ್ಲ. 2019ರ ಡಚ್ ಅಧ್ಯಯನವೊಂದರಲ್ಲಿ ಫ್ಯೂಷನ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಇಲ್ಲಿ ಕೈ ಪಳಗಿರಬೇಕು, ನನ್ನದು ಇನ್ನೂ ಪಳಗಿರಲಿಲ್ಲ.

ಚನ್ನಗಿರಿಯವರಿಗೆ ಶಸ್ತ್ರಚಿಕಿತ್ಸೆಯಾಗಿ ಇಡೀ ಗ್ರಂಥಿ ತೆಗೆದ ಮೇಲೆ, ಪೆಥಾಲಜಿಯವರ ಪಕ್ಕ ಕೂತು ಸೀಳುಗಳನ್ನು ನೋಡಿದೆ. ಗಡ್ಡೆ ನಾನು ಚುಚ್ಚಿದ ಮಟ್ಟಕ್ಕಿಂತ 8 ಮಿ.ಮೀ. ಕೆಳಗಿತ್ತು. ಎಡ ಸರಿ, ಆಳ ಸರಿ, ಮಟ್ಟ ತಪ್ಪು.

ಕಾರಣ ಹುಡುಕಲು ಎರಡು ವಾರ ಬೇಕಾಯಿತು. ಎಂಆರ್‌ಐ ಗ್ರಂಥಿಯನ್ನು ನೆಟ್ಟಗೆ ಅಡ್ಡಡ್ಡ ಸೀಳುತ್ತದೆ, ಒಂದೊಂದು ಸೀಳು 3 ಮಿ.ಮೀ. ದಪ್ಪ. ಗುದದ್ವಾರದ ಮೂಲಕ ಚುಚ್ಚುವಾಗ ನಾನು ಪ್ರೋಬನ್ನು, ಅಂದರೆ ಗುದನಾಳದೊಳಗೆ ಇಡುವ ಅಲ್ಟ್ರಾಸೌಂಡ್ ಕಡ್ಡಿಯನ್ನು, ಓರೆ ಮಾಡುತ್ತಿದ್ದೆ, ಆದ್ದರಿಂದ ನನ್ನ ಪರದೆಯ ಸೀಳೂ ಓರೆ. ಒಂದೇ ಸೌತೆಕಾಯಿಯನ್ನು ಒಬ್ಬರು ಬಿಲ್ಲೆಬಿಲ್ಲೆಯಾಗಿ, ಇನ್ನೊಬ್ಬರು ಓರೆಯಾಗಿ ಹೆಚ್ಚಿ, ಎಣಿಸಿದ ನಾಲ್ಕನೆಯ ಹೋಳು ಒಂದೇ ಎಂದುಕೊಂಡ ಹಾಗೆ. ಜೊತೆಗೆ ಪ್ರೋಬ್ ಒತ್ತಿದಾಗ ಗ್ರಂಥಿ ಚಪ್ಪಟೆಯೂ ಆಗುತ್ತದೆ.

ಅಂದಿನಿಂದ ಎರಡು ಬದಲಾವಣೆ ಮಾಡಿಕೊಂಡೆ. ಮೊದಲನೆಯದು ಪೆನ್ಸಿಲ್ ಮತ್ತು ಹಾಳೆ. ಬಯಾಪ್ಸಿಯ ಹಿಂದಿನ ದಿನ ರೇಡಿಯಾಲಜಿಸ್ಟ್ ಜೊತೆ ಕೂತು ಗ್ರಂಥಿಯ ಚಿತ್ರ ಬರೆಯುತ್ತೇನೆ. ಮೂತ್ರಕೋಶದ ಕತ್ತಿನಿಂದ ಮಚ್ಚೆ ಎಷ್ಟು ಕೆಳಗೆ, ಮೂತ್ರನಾಳದಿಂದ ಎಷ್ಟು ಪಕ್ಕಕ್ಕೆ, ಹೊರಪೊರೆಯಿಂದ ಎಷ್ಟು ಒಳಗೆ, ಎಲ್ಲವೂ ಮಿಲಿಮೀಟರ್‌ನಲ್ಲಿ. ಸುತ್ತಮುತ್ತ ದುಂಡನೆಯ ಗಂಟೋ ನೀರು ತುಂಬಿದ ಪುಟ್ಟ ಚೀಲವೋ (ಸಿಸ್ಟ್) ಇದ್ದರೆ ಅದನ್ನೂ ಬರೆದುಕೊಳ್ಳುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಎಷ್ಟೋ ಸಲ ಮಚ್ಚೆ ಕಾಣುವುದೇ ಇಲ್ಲ, ಸಿಸ್ಟ್ ಮಾತ್ರ ಕಂಡೇ ಕಾಣುತ್ತದೆ. ನನಗೆ ಅದಕ್ಕಿಂತ ಒಳ್ಳೆಯ ಮೈಲಿಗಲ್ಲು ಸಿಕ್ಕಿಲ್ಲ.

ಎರಡನೆಯದು ದಾರಿಯನ್ನೇ ಬದಲಿಸಿದ್ದು. ಈಗ ಸೂಜಿ ಹೋಗುವುದು ಗುದನಾಳದ ಗೋಡೆಯ ಮೂಲಕ ಅಲ್ಲ, ವೃಷಣ ಚೀಲ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ. ಪ್ರೋಬ್ ಗುದನಾಳದೊಳಗೆ ನೆಟ್ಟಗೆ ನಿಲ್ಲುತ್ತದೆ, ಅದರ ಅಡ್ಡ ಸೀಳು ಎಂಆರ್‌ಐ ಸೀಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಉದ್ದ ಸೀಳಿಗೆ ಬದಲಿಸಿದರೆ ಸೂಜಿ ಚರ್ಮದಿಂದ ಗುರಿಯವರೆಗೂ ಗೆರೆಯಂತೆ ಕಾಣುತ್ತದೆ. ಮುಂಭಾಗದ ಗಡ್ಡೆಗಳು, ಹಳೆಯ ದಾರಿಯಲ್ಲಿ ಸೂಜಿಗೆ ದೂರವಾಗಿ ತಪ್ಪಿಸಿಕೊಳ್ಳುತ್ತಿದ್ದವು, ಈಗ ಸಿಗುತ್ತವೆ. ಸೂಜಿ ಗುದನಾಳವನ್ನು ತೂರಿ ಹೋಗದ ಕಾರಣ ಸೋಂಕಿನ ಭಯವೂ ಕಡಿಮೆ. ಗುದನಾಳದ ಬ್ಯಾಕ್ಟೀರಿಯಾಗಳು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದಿರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಒಂದೇ ತಿಂಗಳಲ್ಲಿ ಇಬ್ಬರು ಬಯಾಪ್ಸಿಯ ಮರುದಿನ ಚಳಿಜ್ವರದಿಂದ ನಡುಗುತ್ತಾ ವಾಪಸ್ ಬಂದು ಐಸಿಯು ಸೇರಿದ್ದನ್ನು ನಾನು ಮರೆತಿಲ್ಲ.

ಕೆಲಸ ಲೋಕಲ್ ಅರಿವಳಿಕೆಯಲ್ಲೇ ಮುಗಿಯುತ್ತದೆ. ಮೊದಲು ಚರ್ಮಕ್ಕೆ ಲಿಡೊಕೇನ್, ಆಮೇಲೆ ಗ್ರಂಥಿಯ ತುದಿಯ ಸುತ್ತ. ನೋವೆಲ್ಲ ಆ ಮೊದಲ ಚುಚ್ಚಿನಲ್ಲಿ; ಅವಸರಪಡದೆ ನಾಲ್ಕೈದು ನಿಮಿಷ ಕಾಯುತ್ತೇನೆ. ಬಯಾಪ್ಸಿ ಗನ್‌ನ ‘ಟಪ್’ ಸದ್ದನ್ನು ಮೊದಲೇ ಕೇಳಿಸುತ್ತೇನೆ, ಇಲ್ಲದಿದ್ದರೆ ರೋಗಿ ಸದ್ದಿಗೇ ಬೆಚ್ಚಿ ಅಲುಗುತ್ತಾರೆ. ಗುರಿಯಿಂದ ಮೂರೋ ನಾಲ್ಕೋ ತುಣುಕು, ನಂತರ ರೂಢಿಯವು. ಗುರಿಯವು ಬೇರೆ ಬಾಟಲಿಯಲ್ಲೇ ಹೋಗಬೇಕು. ಎಲ್ಲ ಒಂದರಲ್ಲಿ ಹಾಕಿದರೆ ತಪ್ಪಿದ್ದು ಎಲ್ಲಿ ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಎಂಆರ್‌ಐ ಹೇಳಿದ್ದೆಲ್ಲ ಕ್ಯಾನ್ಸರ್ ಅಲ್ಲ. ಪೈ-ರ್ಯಾಡ್ಸ್ 5 ಎಂದು ಬಂದ ಒಬ್ಬರು ಊಟ ಬಿಟ್ಟು ಕೂತಿದ್ದರು. ಎರಡು ವರ್ಷದ ಹಿಂದೆ ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ (ಕ್ಷಯದ ಲಸಿಕೆಯಾಗಿಯೂ ಬಳಸುವ ಔಷಧಿ) ಹಾಕಿಸಿಕೊಂಡಿದ್ದರು. ಬಯಾಪ್ಸಿಯಲ್ಲಿ ಸಿಕ್ಕಿದ್ದು ಅದರಿಂದಾದ, ಗಂಟುಗಂಟಾದ ಉರಿಯೂತ (ಗ್ರಾನ್ಯುಲೋಮಾ) ಮಾತ್ರ. ಕ್ಷಯವೂ ಹೀಗೇ ಮೋಸ ಮಾಡಬಲ್ಲದು.

ಮನೆಯವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಚನ್ನಗಿರಿಯವರ ಮಗನೂ ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿ ಕೇಳಿದ್ದ: “ಸಾರ್, ಸೂಜಿ ಚುಚ್ಚಿ ಗಾಳಿ ತಾಗಿದ್ರೆ ಹರಡಿಬಿಡುತ್ತೆ ಅಂತಾರಲ್ಲ?” “ಇಲ್ಲಪ್ಪ, ಗಾಳಿಯಿಂದ ಕ್ಯಾನ್ಸರ್ ಹರಡಲ್ಲ. ಪತ್ತೆ ಮಾಡದೆ ಬಿಟ್ರೆ ಹರಡುತ್ತೆ” ಎಂದಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಕೂರಿಸಿಕೊಂಡು, ಹಾಳೆಯ ಮೇಲಿನ ಚಿತ್ರ ತೋರಿಸಿ.

ಮನೆಗೆ ಕಳಿಸುವಾಗ ಹೇಳುವುದು ಇಷ್ಟು. ಮೂತ್ರದಲ್ಲಿ ಎರಡು ಮೂರು ದಿನ ರಕ್ತ ಕಾಣಬಹುದು, ವೀರ್ಯದಲ್ಲಿ ಕೆಲವು ವಾರ, ಹೆದರಬೇಡಿ. ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ.