ಸಣ್ಣ ಒಲೆಯಲ್ಲಿ ಬೆಳಗಿನವರೆಗೂ ಕೆಂಡ: ನನ್ನ ಅನುಭವ

"ಇಷ್ಟು ಸಣ್ಣ ಒಲೆ ರಾತ್ರಿಯಿಡೀ ಉರಿಯಲ್ಲ, ದೊಡ್ಡದು ತಗೊಳ್ಳಿ" ಅಂತ ನನಗೆ ಹೇಳದವರೇ ಇಲ್ಲ. ನನ್ನದು ಮನೆ ಬೆಚ್ಚಗಿಡುವ ಸೌದೆ ಒಲೆ, ಎರಕದ ಕಬ್ಬಿಣದ್ದು, ಒಳಗಿನ ಜಾಗ ಹೆಚ್ಚೂಕಡಿಮೆ 50 ಲೀಟರ್. ಮೊದಲೆಲ್ಲ ನಾಲ್ಕು ಗಂಟೆ ಬಂದರೆ ಅದೇ ಜಾಸ್ತಿ. ಈಗ ರಾತ್ರಿ ಹತ್ತಕ್ಕೆ ತುಂಬಿದರೆ ಬೆಳಿಗ್ಗೆ ಏಳಕ್ಕೂ ಬೂದಿಯಡಿ ಕೆಂಡ ಇರುತ್ತದೆ. ಎರಡು ಚಕ್ಕೆ ಇಟ್ಟು ಗಾಳಿ ಬಿಟ್ಟರೆ ಹೊತ್ತಿಕೊಳ್ಳುತ್ತದೆ, ಬೆಂಕಿಪೊಟ್ಟಣ ಹುಡುಕಬೇಕಿಲ್ಲ. ಒಲೆ ಮಾತ್ರ ಅದೇ ಹಳೇದು. ಹೇಳಿದವರಲ್ಲಿ ಇಬ್ಬರು ಬಂದು ನೋಡಿ ಸುಮ್ನಾಗಿದ್ದಾರೆ.

ಗಾಳಿ ಕಿಂಡಿ ಮುಚ್ಚಿಬಿಡೋದು ಎಲ್ಲರೂ ಮೊದಲು ಮಾಡುವ ಕೆಲಸ, ಅಲ್ವಾ? ಒಂದು ಚಳಿಗಾಲ ಪೂರ್ತಿ ಅದನ್ನೇ ಮಾಡಿ ನೋಡಿದೆ. ಸೌದೆ ಹೊತ್ತು ಹಿಡಿಯಿತು, ಬಿಸಿ ಬರಲಿಲ್ಲ. ಬಾಗಿಲ ಗಾಜು ಕಪ್ಪಾಯಿತು. ಹೊಗೆ ಕೊಳವೆಯೊಳಗೆ ಡಾಂಬರಿನಂಥ ಹೊಳೆಯುವ ಮಸಿ ಕೂತಿತು, ಬ್ರಷ್ ಆಡಿಸಿದರೂ ಬಿಡಲಿಲ್ಲ. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಅದನ್ನು ಕೆರೆಸಲು ಕೊಟ್ಟ ದುಡ್ಡು ಉಳಿದ ಸೌದೆಯ ಲೆಕ್ಕವನ್ನೆಲ್ಲ ತಿಂದುಹಾಕಿತು.

ನಿಜವಾದ ತೊಂದರೆ ಸೌದೆಯಲ್ಲೇ ಇತ್ತು. ಮಾರಿದವರು "ಚೆನ್ನಾಗಿ ಒಣಗಿದೆ" ಅಂದಿದ್ದರು. ತೇವ ನೋಡುವ ಮೀಟರ್ (ಒಣ ಮರದ ತೂಕಕ್ಕೆ ನೀರು ಶೇಕಡಾ ಎಷ್ಟು ಅಂತ ಹೇಳುವಂಥದ್ದು) ಹೊರಗೆ ಚುಚ್ಚಿದರೆ 18 ತೋರಿಸಿತು. ಅದೇ ತುಂಡನ್ನು ಸೀಳಿ ಒಳಮೈಗೆ ಚುಚ್ಚಿದರೆ 35. ಅಂದರೆ ನಾನು ಒಮ್ಮೆಗೆ ತುಂಬುವ 12 ಕೆಜಿಯಲ್ಲಿ ಸುಮಾರು 3 ಲೀಟರ್ ನೀರು! ಅದನ್ನು ಆವಿ ಮಾಡಿ ಕಳಿಸಲಿಕ್ಕೇ ಎಷ್ಟು ಸೌದೆ ಬೇಕು. ಆಮೇಲೆ ಒಂದು ವರ್ಷ ಮುಂಚೆಯೇ ಕೊಂಡು, ಸೀಳಿ, ಮೇಲೆ ಮಾತ್ರ ಹೊದಿಸಿ, ಪಕ್ಕ ಬಿಟ್ಟು ಒಟ್ಟಿದೆ. ಮೊದಲ ವರ್ಷ ಎರಡು ವರ್ಷದ ಸೌದೆಗೆ ದುಡ್ಡು ಸುರಿಯಬೇಕು, ಅದೊಂದು ಕಷ್ಟ. ಈಗ ಒಳಮೈ 17ರ ಆಸುಪಾಸು.

ಎರಡನೇದು ಬಾಗಿಲ ಹಗ್ಗ, ಅಂದರೆ ಗಾಳಿ ನುಗ್ಗದಂತೆ ಒಲೆ ಬಾಗಿಲ ಅಂಚಿಗೆ ಸುತ್ತ ಕೂರಿಸುವ, ಬಿಸಿ ತಡೆಯುವ ಹಗ್ಗ. ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ನನ್ನದರಲ್ಲಿ ಕೆಳಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಕಿಂಡಿ ಎಷ್ಟು ತಿರುಗಿಸಿದರೂ ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಅಗ್ಗಕ್ಕೆ ಸಿಕ್ಕಿತು ಅಂತ ಸ್ವಲ್ಪ ಸಣ್ಣ ಹಗ್ಗ ಹಾಕಿದ್ದು ದಂಡ, ಮತ್ತೆ ಸರಿಯಾದ ದಪ್ಪದ್ದೇ ತರಬೇಕಾಯಿತು. ಒಟ್ಟು ಖರ್ಚಿನಲ್ಲಿ ಅತಿ ಕಡಿಮೆ ಇದಕ್ಕೇ, ಆದರೆ ಎರಡು ಗಂಟೆ ಹತ್ತಿರ ಹತ್ತಿರ ಇದರಿಂದಲೇ ಬಂತು.

ತುಂಬುವ ರೀತಿ ಹೀಗೆ. ಬೂದಿ ಪೂರ್ತಿ ತೆಗೆಯಲ್ಲ, ಎರಡು ಬೆರಳಿನಷ್ಟು ಬಿಡುತ್ತೇನೆ. ಕೆಂಡವನ್ನೆಲ್ಲ ಬಾಗಿಲ ಕಡೆಗೆ ಎಳೆಯುತ್ತೇನೆ. ದಪ್ಪ ಸೀಳು ಹಿಂದಕ್ಕೆ, ಒತ್ತಾಗಿ, ಸಂದಿನಲ್ಲಿ ಸಣ್ಣವು. ಬೆರಳು ತೂರುವಷ್ಟು ಜಾಗ ಇದ್ದರೂ ಉರಿ ಅಲ್ಲಿ ನುಗ್ಗಿ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಮುಂದಿನಿಂದ ಹಿಂದಕ್ಕೆ ನಿಧಾನ ಹೋಗಬೇಕು, ಆಟ ಇರೋದೇ ಅಲ್ಲಿ. ತೀರಾ ಹಿಂದೆ ಯಾವ ಮರ, ಅದರ ತೊಗಟೆ ಯಾವ ಕಡೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ನೀವೂ ಒಂದಿಷ್ಟು ಸುಟ್ಟು ಕಲಿಯಿರಿ.

ತುಂಬಿದ ಮೇಲೆ ಕಾಲು ಗಂಟೆ ಗಾಳಿ ಪೂರ್ತಿ ತೆರೆದಿಡಿ, ಮುಂದಿನ ಸೀಳುಗಳ ಮೈ ಕಪ್ಪಾಗಲಿ. ಕೊಳವೆಗೆ ಅಂಟಿಸಿದ ಥರ್ಮಾಮೀಟರ್ 200 ಡಿಗ್ರಿ ದಾಟಿದಾಗ ಅರ್ಧಕ್ಕೆ ಇಳಿಸಿ, ಹತ್ತು ನಿಮಿಷ ಬಿಟ್ಟು ಇನ್ನಷ್ಟು. ಉರಿ ಸೌದೆಯ ಮೇಲೆ ಸೋಮಾರಿಯಾಗಿ ತೇಲಾಡುವಷ್ಟು ಸಾಕು. ಉರಿ ಇರುವಾಗಲೇ 120ಕ್ಕಿಂತ ಕೆಳಗೆ ಬಂದರೆ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಹಳೇ ಮಸಿಯ ಕಥೆಯೇ. ಪೂರ್ತಿ ಮುಚ್ಚೋದು ಬೇಡವೇ ಬೇಡ. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ (ವಾಸನೆಯೇ ಇಲ್ಲದ ವಿಷಗಾಳಿ) ಅಲಾರಂ ಇಲ್ಲದೆ ನಾನಂತೂ ಮಲಗಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಒಲೆಯ ಮೇಲೆ ಇಟ್ಟಿಗೆ ಜೋಡಿಸಿದರೆ ಉರಿ ಆರಿದ ಮೇಲೂ ಸ್ವಲ್ಪ ಹೊತ್ತು ಬಿಸಿ ನಿಲ್ಲುತ್ತದೆ, ಆದರೆ ಉರಿಯುವ ಹೊತ್ತು ಜಾಸ್ತಿಯಾಗಲ್ಲ. ಬಿಸಿಗೆ ತಾನೇ ತಿರುಗುವ ಫ್ಯಾನ್ ನೋಡಲಿಕ್ಕೆ ಚೆಂದ, ದುಡ್ಡು ದಂಡ. ಮರದ ಹೊಟ್ಟು ಒತ್ತಿ ಮಾಡಿದ ಕೊರಡುಗಳನ್ನು ಒಂದು ರಾತ್ರಿ ಅರ್ಧ ಒಲೆ ತುಂಬಿದೆ. ಉಬ್ಬಿಕೊಂಡು ಗಾಜಿಗೆ ಒತ್ತಿ ಕೂತವು, ಕೊಳವೆ 300 ದಾಟಿತು, ನಿದ್ದೆ ಇಲ್ಲ. ಈಗ ಒಂದೇ ಒಂದು ಹಾಕುತ್ತೇನೆ, ಅದೂ ಸೌದೆಯ ನಡುವೆ.

ಸೌದೆ ಖರ್ಚು ಮೂರರಲ್ಲಿ ಒಂದು ಪಾಲು ಇಳಿದಿದೆ. ಉಳಿದಿರೋ ತಲೆನೋವು ಒಂದೇ: ಚಳಿ ಜೋರಿದ್ದು ಬೇಗ ಬೇಗ ತುಂಬುವ ದಿನ ಕೆಂಡ ರಾಶಿ ಬಿದ್ದು ಹೊಸ ಸೌದೆಗೆ ಜಾಗವೇ ಇರಲ್ಲ. ಆಗ ಕೆಂಡವನ್ನು ಮುಂದಕ್ಕೆ ಎಳೆದು, ಮೇಲೆ ಒಂದೇ ಒಂದು ತೆಳು ಒಣ ಚಕ್ಕೆ ಇಟ್ಟು, ಗಾಳಿ ತೆರೆದು ಅರ್ಧ ಗಂಟೆ ಬಿಡುತ್ತೇನೆ. ಬಿಸಿಯೂ ಸಿಗುತ್ತದೆ, ಜಾಗವೂ ಆಗುತ್ತದೆ.